ಅಡಿಗೆಮನೆಯ ಮೋಟಾರು

ಯಂತ್ರವನ್ನು ನಿತ್ಯವೂ ಉಪಯೋಗಿಸುವವರು ಒಬ್ಬರು, ಅದರ ಒಳಗನ್ನು ಬಲ್ಲವರು ಮತ್ತೊಬ್ಬರು ಎಂಬ ಏರ್ಪಾಡು ನಮ್ಮ ಮನೆಗಳಲ್ಲಿ ಹೇಗೆ ನೆಲೆಗೊಂಡಿತೆಂಬುದು ವಿಚಾರಮಾಡತಕ್ಕ ವಿಷಯವಾಗಿದೆ. ನಮ್ಮ ಅಜ್ಜಿಯರ ಕಾಲದಲ್ಲಿ ಅದು ಹಾಗಿರಲಿಲ್ಲ. ಒರಳುಕಲ್ಲು ಸವೆದು ನುಣುಪಾಗಿ, ಎಷ್ಟು ರುಬ್ಬಿದರೂ ಹಿಟ್ಟು ತರಿತರಿಯಾಗಿಯೇ ಉಳಿಯತೊಡಗಿದರೆ ಅದನ್ನು ಮೊದಲು ತಿಳಿಯುತ್ತಿದ್ದವಳು ರುಬ್ಬುವವಳೇ. ಕಲ್ಲು ಕುಟ್ಟುವವನು ಬೀದಿಯಲ್ಲಿ ಕೂಗಿಕೊಂಡು ಬಂದಾಗ ಅವನನ್ನು ಕರೆದು, ಎಲ್ಲಿ ಎಷ್ಟು ಆಳಕ್ಕೆ ಉಳಿಯಿಡಬೇಕೆಂದು ಪಕ್ಕದಲ್ಲಿ ನಿಂತು ಹೇಳುತ್ತಿದ್ದವಳೂ ಅವಳೇ. ಬೀಸುಕಲ್ಲಿನ ಗೂಟವು ಸಡಿಲವಾದರೆ ಹಳೆಯ ಬಟ್ಟೆಯ ಚೂರನ್ನು ಸುತ್ತಿ ಬಿಗಿಮಾಡುವುದಕ್ಕೆ ಆಕೆ ಯಾರನ್ನೂ ಕಾಯುತ್ತಿರಲಿಲ್ಲ. ಆ ಮೇಲೆ ಹೊಲಿಗೆಯ ಯಂತ್ರವು ಬಂದಿತು. ನಾವು ಶಾಲೆಯಲ್ಲಿ ಓದುತ್ತಿದ್ದಾಗ, ವಾರಕ್ಕೊಮ್ಮೆ ಅದರ ತಟ್ಟೆಯನ್ನು ಬಿಚ್ಚಿ, ಹಲ್ಲುಗಳ ನಡುವೆ ಸೇರಿಕೊಂಡ ನೂಲಿನ ಧೂಳನ್ನು ತೆಗೆದು, ರಂಧ್ರ ರಂಧ್ರಕ್ಕೂ ಒಂದೊಂದು ತೊಟ್ಟು ಎಣ್ಣೆಯನ್ನು ಬಿಡುವುದು ಪಾಠದ ಒಂದು ಭಾಗವೇ ಆಗಿತ್ತು. ಇದು ಗಂಡಸರ ಕೆಲಸವೆಂದು ನಮ್ಮ ಹೊಲಿಗೆಯ ಉಪಾಧ್ಯಾಯಿನಿಯರು ಒಂದು ದಿನವೂ ಹೇಳಿದ್ದಿಲ್ಲ.

ಇಂತಹ ಕೈಗಳು ಮಿಕ್ಸಿಯ ಮುಂದೆ ಮಾತ್ರ ಹಿಂಜರಿದವು. ಇದಕ್ಕೆ ವಿದ್ಯುಚ್ಛಕ್ತಿಯ ಭಯವು ಒಂದು ಕಾರಣ. ಆ ಭಯವು ಸಕಾರಣವಾದದ್ದೇ ಹೌದು. ಮತ್ತೊಂದು ಕಾರಣವೇನೆಂದರೆ, ವಿದ್ಯುತ್ತಿನೊಡನೆ ನಮ್ಮ ಗೃಹಿಣಿಯರ ಬಳಕೆಯು ಬಹಳ ತಡವಾಗಿ ಪ್ರಾರಂಭವಾಯಿತು. 1902ರಲ್ಲಿ ಶಿವನಸಮುದ್ರದಿಂದ ಹೊರಟ ಶಕ್ತಿಯು ಮೊದಲು ಸೇರಿದ್ದು ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಗಳಿಗೆ ಅದು ದೀಪವಾಗಿ ಬಂದದ್ದು 1905ರಲ್ಲಿ. ಮಸಾಲೆ ಅರೆಯುವುದಕ್ಕೆಂದು ನಮ್ಮ ಅಡಿಗೆಮನೆಯ ಕಟ್ಟೆಯನ್ನು ಏರುವ ವೇಳೆಗೆ ಮತ್ತೆ ಅರ್ಧ ಶತಮಾನಕ್ಕೂ ಮಿಕ್ಕ ಕಾಲವು ಕಳೆದಿತ್ತು. ಹಾಗೆ ಬಂದ ಕಥೆಯೂ ಒಂದು ಕೆಟ್ಟ ಮೋಟಾರಿನಿಂದಲೇ ಆರಂಭವಾಗುತ್ತದೆ. 1960ರ ದಶಕದಲ್ಲಿ ಮುಂಬಯಿಯಲ್ಲಿದ್ದ ಸತ್ಯಪ್ರಕಾಶ ಮಾಥುರ್ ಎಂಬ ಇಂಜಿನಿಯರರ ಪತ್ನಿ ಮಾಧುರಿಯವರ ಬಳಿ ವಿದೇಶದಿಂದ ತಂದ ಒಂದು ಅರೆಯುವ ಯಂತ್ರವಿತ್ತು. ನಮ್ಮ ಅಡಿಗೆಯ ಗಡುಸಾದ ಪದಾರ್ಥಗಳನ್ನು ತಾಳಲಾರದೆ ಅದರ ಮೋಟಾರು ಸುಟ್ಟುಹೋಯಿತು. ದುರಸ್ತಿಮಾಡಿಸುವುದಕ್ಕೆ ಇಲ್ಲಿ ಅನುಕೂಲವಿರಲಿಲ್ಲ. ಆಗ ಮಾಥುರರು ಒಣಮೆಣಸಿನಕಾಯಿಗೂ ಕೊಬ್ಬರಿಗೂ ನೆನೆದ ಬೇಳೆಗೂ ಹೆದರದ ಮೋಟಾರೊಂದನ್ನು ತಾವೇ ರಚಿಸಲು ಹೊರಟರು. ಸುಮೀತ್ ಎಂಬ ಹೆಸರಿನಿಂದ ಮನೆಮನೆಗೂ ಪರಿಚಿತವಾದ ಮಿಕ್ಸಿಯು ಹುಟ್ಟಿದ್ದು ಹೀಗೆ. ಹೆಂಡತಿಯ ದೂರನ್ನು ಗಂಡನು ಗಮನವಿಟ್ಟು ಕೇಳಿದುದರ ಫಲಗಳಲ್ಲಿ ಇದನ್ನೂ ಸೇರಿಸಿಕೊಳ್ಳಬಹುದು.

ಈಗ ಮೋಟಾರು ಎಂದರೇನೆಂಬುದನ್ನು ನೋಡೋಣ. ತಂತಿಯಲ್ಲಿ ವಿದ್ಯುತ್ತು ಹರಿದರೆ ಹತ್ತಿರದ ಕಾಂತದ ಮುಳ್ಳು ತಿರುಗುವುದೆಂದು ಡೆನ್ಮಾರ್ಕಿನ ಅರ್ಸ್ಟೆಡ್ಡರು 1820ರಲ್ಲಿ ಕಂಡರು. ಮರುವರ್ಷ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆಯವರು, ಪಾದರಸದ ಬಟ್ಟಲಲ್ಲಿ ತುದಿಯದ್ದಿ ತೂಗುಬಿಟ್ಟ ತಂತಿಯು ಕಾಂತವೊಂದರ ಸುತ್ತ ತಾನಾಗಿ ಸುತ್ತುವಂತೆ ಮಾಡಿ ತೋರಿಸಿದರು. ನಮ್ಮ ಮಿಕ್ಸಿಯು ಆ ಬಟ್ಟಲಿನ ಮೊಮ್ಮಗಳು. ಅದರ ಒಳಗೆ ಕದಲದೆ ನಿಂತ ಎರಡು ತಂತಿಯ ಸುರುಳಿಗಳಿವೆ. ಇವಕ್ಕೆ ಫೀಲ್ಡ್ ಕಾಯಿಲ್ ಎಂದು ಹೆಸರು. ಅವುಗಳ ನಡುವೆ ತಿರುಗುವ ಭಾಗವೇ ಆರ್ಮೇಚರು. ಆರ್ಮೇಚರಿನ ಒಂದು ಕೊನೆಯಲ್ಲಿ ತಾಮ್ರದ ಪಟ್ಟಿಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸಿ, ನಡುವೆ ಅಭ್ರಕವನ್ನಿಟ್ಟು ಬೇರ್ಪಡಿಸಿದ ಒಂದು ಉರುಳೆಯುಂಟು, ಅದು ಕಮ್ಯುಟೇಟರು. ಅದರ ಎರಡು ಮಗ್ಗುಲುಗಳಿಗೂ ಸ್ಪ್ರಿಂಗಿನ ಒತ್ತಡದಿಂದ ಅಂಟಿಕೊಂಡಿರುವ ಎರಡು ಇಂಗಾಲದ ತುಂಡುಗಳೇ ಕಾರ್ಬನ್ ಬ್ರಷ್ಷುಗಳು.

ಈ ಕಮ್ಯುಟೇಟರಿನ ಕೆಲಸವನ್ನು ತರಗತಿಯಲ್ಲಿ ವಿವರಿಸುವಾಗ ನಾನು ಬೀಸುಕಲ್ಲಿನ ದೃಷ್ಟಾಂತವನ್ನು ಕೊಡುತ್ತಿದ್ದೆನು. ಇಬ್ಬರು ಹೆಂಗಸರು ಎದುರುಬದುರಾಗಿ ಕುಳಿತು ಬೀಸುವಾಗ ಗೂಟವು ತನ್ನ ಕಡೆಗೆ ಬಂದ ಕ್ಷಣದಲ್ಲಿ ಪ್ರತಿಯೊಬ್ಬಳೂ ಅದನ್ನು ಮುಂದಕ್ಕೆ ನೂಕಿ ಎದುರಿನವಳಿಗೆ ಒಪ್ಪಿಸುತ್ತಾಳೆ. ಸರಿಯಾದ ಕ್ಷಣದಲ್ಲಿ ಒಪ್ಪಿಸದಿದ್ದರೆ ಕಲ್ಲು ಅಲ್ಲಿಯೇ ನಿಲ್ಲುತ್ತದೆ, ಇಲ್ಲವೆ ಹಿಂದಕ್ಕೆ ಎಳೆಯುತ್ತದೆ. ಆರ್ಮೇಚರಿನ ಒಂದು ಸುರುಳಿಯು ತನ್ನ ಪಾಲಿನ ನೂಕನ್ನು ಪಡೆದು ಮುಂದೆ ಸಾಗುತ್ತಲೇ, ಬ್ರಷ್ಷಿನ ಕೆಳಗೆ ಮುಂದಿನ ತಾಮ್ರದ ಪಟ್ಟಿಯು ಬಂದು ವಿದ್ಯುತ್ತು ಮುಂದಿನ ಸುರುಳಿಗೆ ಒಪ್ಪಿತವಾಗುತ್ತದೆ. ಈ ಒಪ್ಪಿಸುವಿಕೆಯು ಎಡೆಬಿಡದೆ ನಡೆಯಬೇಕು. ಏಕೆಂದರೆ ಮಿಕ್ಸಿಯ ಮೋಟಾರು ಭಾರವಿಲ್ಲದಿದ್ದಾಗ ನಿಮಿಷಕ್ಕೆ ಸುಮಾರು 18,000 ಸುತ್ತು ಸುತ್ತುವಂತಹುದು. ಬ್ರಷ್ಷುಗಳಿಲ್ಲದ ಸೀಲಿಂಗ್ ಫ್ಯಾನಿನ ಜಾತಿಯ ಮೋಟಾರನ್ನೇ ಇಲ್ಲಿಯೂ ಇಡಬಾರದೆ ಎಂದು ಜಾಣೆಯರಾದ ಹುಡುಗಿಯರು ಕೇಳುವುದುಂಟು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಕ್ಷಣಕ್ಕೆ 50 ಆವರ್ತನಗಳುಳ್ಳದ್ದು; ಅದನ್ನು ನೇರವಾಗಿ ಕೊಟ್ಟರೆ ಆ ಜಾತಿಯ ಮೋಟಾರು ನಿಮಿಷಕ್ಕೆ 3,000 ಸುತ್ತುಗಳನ್ನು ಮೀರಲಾರದು. ಆ ವೇಗದಲ್ಲಿ ಮೆಣಸಿನಕಾಯಿ ಹರಿದೀತೇ ಹೊರತು ಪುಡಿಯಾಗದು. ಮಿಕ್ಸಿಯ ಮೋಟಾರಿನಲ್ಲಿ ಫೀಲ್ಡ್ ಕಾಯಿಲೂ ಆರ್ಮೇಚರೂ ಒಂದೇ ಸಾಲಿನಲ್ಲಿ ಪೋಣಿಸಲ್ಪಟ್ಟಿರುವುದರಿಂದ, ವಿದ್ಯುತ್ತು ದಿಕ್ಕನ್ನು ಬದಲಿಸಿದಾಗ ಎರಡರಲ್ಲಿಯೂ ಕೂಡಿಯೇ ಬದಲಾಗುತ್ತದೆ. ತಿರುಗುವ ದಿಕ್ಕು ಮಾತ್ರ ಬದಲಾಗುವುದಿಲ್ಲ.

ಬ್ರಷ್ಷು ಎಂಬ ಹೆಸರು ಅನೇಕರಿಗೆ ವಿಚಿತ್ರವಾಗಿ ತೋರುತ್ತದೆ. ಅದರಲ್ಲಿ ಕೂದಲೂ ಇಲ್ಲ, ಎಳೆಯೂ ಇಲ್ಲ. ಮೊದಲಿನ ಯಂತ್ರಗಳಲ್ಲಿ ತಾಮ್ರದ ತಂತಿಗಳನ್ನು ಕಟ್ಟಾಗಿ ಕಟ್ಟಿ ನಿಜವಾದ ಕುಂಚದಂತೆಯೇ ಉರುಳೆಗೆ ತಾಗಿಸುತ್ತಿದ್ದರು. ತಾಮ್ರವು ತಾಮ್ರವನ್ನು ಉಜ್ಜಿ ಎರಡೂ ಹಾಳಾಗುತ್ತಿದ್ದವು. ಸ್ಕಾಟ್ಲೆಂಡಿನವರಾದ ಜಾರ್ಜ್ ಫೋರ್ಬ್ಸ್ ಎಂಬವರು 1885ರಲ್ಲಿ ತಾಮ್ರಕ್ಕೆ ಬದಲಾಗಿ ಇಂಗಾಲವನ್ನು ಸೂಚಿಸಿದರು. ಇಂಗಾಲವು ವಿದ್ಯುತ್ತನ್ನು ಬಿಡುತ್ತದೆ, ತಾನೇ ನುಣುಪಾಗಿ ಜಾರುತ್ತದೆ, ಮತ್ತು ತಾಮ್ರಕ್ಕಿಂತ ಮೆತ್ತಗಿರುವುದರಿಂದ ತಾನು ಸವೆದು ಅದನ್ನು ಉಳಿಸುತ್ತದೆ. ಇಡೀ ಯಂತ್ರದಲ್ಲಿ ಸವೆಯುವುದಕ್ಕೆಂದೇ ಇಟ್ಟ ಭಾಗವು ಇದು, ಬೆಲೆಯಲ್ಲಿಯೂ ಅತ್ಯಲ್ಪವಾದದ್ದು. ಆದರೂ ಇದು ಸವೆದುಹೋದ ಕಾರಣ ಮಾತ್ರದಿಂದ ಗುಜರಿಗೆ ಹೋದ ಮಿಕ್ಸಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಬೀದಿಯಲ್ಲಿ ಒಬ್ಬ ತಾಯಿಯಿದ್ದಾಳೆ. ಗಂಡನನ್ನು ಕಳೆದುಕೊಂಡ ಮೇಲೆ ಚಟ್ನಿಪುಡಿ, ಹುಳಿಪುಡಿ, ರಸಂಪುಡಿಗಳನ್ನು ಮಾಡಿ ಮನೆಗಳಿಗೂ ವಿದ್ಯಾರ್ಥಿನಿಲಯಗಳಿಗೂ ಕೊಟ್ಟು ಮಗಳನ್ನು ಓದಿಸುತ್ತಿರುವವಳು. ಎರಡು ವರ್ಷಗಳ ಹಿಂದೆ, ನವರಾತ್ರಿಗೆ ಎಂಟು ದಿನಗಳಿರುವಾಗ, ಆಕೆಯ ಮಿಕ್ಸಿಯು ನಿಂತಿತು. ಅಂಗಡಿಯೊಂದಕ್ಕೆ ಹೊತ್ತುಕೊಂಡು ಹೋದರೆ, ಅಲ್ಲಿದ್ದವರು ಮುಚ್ಚಳವನ್ನು ಬಿಚ್ಚದೆಯೇ, ಆರ್ಮೇಚರು ಹೋಗಿದೆ, ಇದಕ್ಕೆ ಹಾಕುವ ಹಣಕ್ಕೆ ಇನ್ನಷ್ಟು ಸೇರಿಸಿ ಹೊಸದನ್ನೇ ಕೊಳ್ಳಿರಿ ಎಂದರಂತೆ. ಮಸಾಲೆಗೆ ಬೇಕಾದ ಸಾಮಾನಿಗಾಗಿ ಕೈಯಲ್ಲಿದ್ದ ಹಣವೆಲ್ಲವೂ ಆಗಲೇ ವೆಚ್ಚವಾಗಿತ್ತು. ಹುರಿದ ಬೇಳೆಯು ಡಬ್ಬಗಳಲ್ಲಿ ತುಂಬಿ ಕುಳಿತಿತ್ತು. ಆಕೆ ಯಂತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಜಗುಲಿಗೆ ಬಂದು, “ಟೀಚರಮ್ಮ, ಇದಕ್ಕೆ ಜೀವವಿಲ್ಲವಂತೆ, ನೀವೊಮ್ಮೆ ನೋಡಿಬಿಡಿ” ಎಂದಳು.

ನಾನು ಯಂತ್ರವನ್ನು ಮುಟ್ಟುವುದಕ್ಕೆ ಮೊದಲು ಆಕೆಯನ್ನೇ ಪ್ರಶ್ನಿಸಿದೆನು. ರೋಗಿಯ ಪಕ್ಕದಲ್ಲಿ ಮಲಗಿದವಳಿಗೆ ತಿಳಿದಿರುವಷ್ಟು ವೈದ್ಯನಿಗೂ ತಿಳಿದಿರುವುದಿಲ್ಲ.

“ನಿಲ್ಲುವ ಮೊದಲು ಸುಟ್ಟ ವಾಸನೆ ಬಂದಿತ್ತೇನಮ್ಮ?”

“ಇಲ್ಲ ಟೀಚರಮ್ಮ. ಒಂದು ತಿಂಗಳಿಂದ ಸ್ವರ ಸಣ್ಣಗಾಗಿತ್ತು. ಕೆಳಗಿನ ಕಿಂಡಿಯಲ್ಲಿ ಕಿಡಿ ಕಾಣುತ್ತಿತ್ತು. ಆಮೇಲೆ ಪಕ್ಕಕ್ಕೆ ಒಂದು ತಟ್ಟಿದರೇ ತಿರುಗುತ್ತಿತ್ತು. ಮೊನ್ನೆಯಿಂದ ತಟ್ಟಿದರೂ ಇಲ್ಲ.”

ಈ ನಾಲ್ಕು ಮಾತುಗಳಲ್ಲಿ ರೋಗವು ಪೂರ್ತಿಯಾಗಿ ಹೇಳಲ್ಪಟ್ಟಿತ್ತು. ಆರ್ಮೇಚರಿನ ತಂತಿಯು ಬೆಂದಿದ್ದರೆ ಅದರ ಮೇಲಿನ ವಾರ್ನಿಷು ಕರಗಿ ಕಟುವಾದ ವಾಸನೆಯು ಮನೆಯನ್ನೆಲ್ಲಾ ತುಂಬದೆ ಇರದು. ತಟ್ಟಿದರೆ ತಿರುಗುವುದೆಂದರೆ ಎಲ್ಲಿಯೋ ತಾಗಬೇಕಾದುದು ತಾಗುತ್ತಿಲ್ಲವೆಂದು ಅರ್ಥ. ಅಂಗಡಿಯವರು ಈ ಪ್ರಶ್ನೆಗಳನ್ನು ಆಕೆಗೆ ಕೇಳಿರಲಿಲ್ಲ; ಕೇಳದೆ ಹೇಳುವ ಅಭ್ಯಾಸವು ಆಕೆಗೂ ಇರಲಿಲ್ಲ.

ಆದರೂ ಸುಲಭವಾದ ಕಾರಣಗಳನ್ನು ಮೊದಲು ಪರೀಕ್ಷಿಸುವುದು ಒಳ್ಳೆಯ ಕ್ರಮ. ಮಿಕ್ಸಿಯ ತಳದಲ್ಲಿ ಸಾಮಾನ್ಯವಾಗಿ ಕೆಂಪು ಬಣ್ಣದ ಒಂದು ಗುಂಡಿಯಿರುತ್ತದೆ. ಜಾಡಿಯಲ್ಲಿ ಅತಿಯಾಗಿ ತುಂಬಿದ್ದರಿಂದಲೋ ಬಹಳ ಹೊತ್ತು ಓಡಿಸಿದ್ದರಿಂದಲೋ ಮೋಟಾರು ಮಿತಿಮೀರಿ ವಿದ್ಯುತ್ತನ್ನು ಎಳೆದಾಗ ಅದು ತಾನಾಗಿ ಹೊರಕ್ಕೆ ಚಿಮ್ಮಿ ದಾರಿಯನ್ನು ಕಡಿಯುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಅದನ್ನು ಒಳಕ್ಕೊತ್ತಿದರೆ ಸತ್ತ ಮಿಕ್ಸಿಯು ಏಳುವುದುಂಟು. ಗುಂಡಿಯು ಸರಿಯಾಗಿತ್ತು. ಪ್ಲಗ್ಗನ್ನು ಕಿತ್ತಿಟ್ಟ ಮೇಲೆ ಮೇಲಿನ ಕಪ್ಲರನ್ನು ಬೆರಳಿಂದ ತಿರುಗಿಸಿದೆನು. ಅದು ಸಲೀಸಾಗಿ ತಿರುಗಿತು. ಆದುದರಿಂದ ಬೇರಿಂಗು ಹಿಡಿದುಕೊಂಡಿರಲಿಲ್ಲ. ಇದನ್ನು ನೋಡುವುದು ಅವಶ್ಯಕ. ಜಾಡಿಯ ತಳದ ಬುಷ್ಷು ಸವೆದಿದ್ದರೆ ಉಪ್ಪು ಹುಳಿಯ ನೀರು ತೊಟ್ಟುತೊಟ್ಟಾಗಿ ಇಳಿದು ಮೋಟಾರಿನ ಮೇಲಿನ ಬೇರಿಂಗನ್ನು ತುಕ್ಕುಹಿಡಿಸುತ್ತದೆ. ಮೋಟಾರಿನಲ್ಲಿ ಕಂಡ ರೋಗದ ಮೂಲವು ಎಷ್ಟೋ ವೇಳೆ ಜಾಡಿಯಲ್ಲಿರುವುದು.

ಆ ಮೇಲೆ ಬಿಚ್ಚಿದೆವು. ಬಿಚ್ಚಿದೆವು ಎಂದೆನಷ್ಟೆ; ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಆಕೆಯ ಮಗಳು ಟಾರ್ಚನ್ನು ಹಿಡಿದು ಪಕ್ಕದಲ್ಲಿ ಕುಳಿತಿದ್ದಳು. ಯಂತ್ರವನ್ನು ಬೋರಲಾಗಿಟ್ಟು, ರಬ್ಬರಿನ ಕಾಲುಗಳ ಒಳಗಿನ ತಿರುಪುಗಳನ್ನು ತೆಗೆದು, ತೆಗೆದ ಕ್ರಮದಲ್ಲಿಯೇ ಒಂದು ತಟ್ಟೆಯಲ್ಲಿ ಸಾಲಾಗಿಡಲು ಅವಳಿಗೆ ಹೇಳಿದೆನು. ಪ್ಲಗ್ಗನ್ನು ಕಿತ್ತಿದ್ದರೂ ಒಳಗಿನ ಕಂಡೆನ್ಸರಿನಲ್ಲಿ ಸ್ವಲ್ಪ ವಿದ್ಯುತ್ತು ಉಳಿದಿರಬಹುದು. ಹಿಡಿಗೆ ಮರ ಅಥವಾ ಪ್ಲಾಸ್ಟಿಕ್ ಇರುವ ಸ್ಕ್ರೂಡ್ರೈವರಿನಿಂದ ಅದರ ಎರಡು ಕೊನೆಗಳನ್ನು ಒಮ್ಮೆ ಕೂಡಿಸಿ, ಆಮೇಲೆಯೇ ಕೈಯಿಡತಕ್ಕದ್ದು. ಎರಡು ಮಗ್ಗುಲುಗಳಲ್ಲಿಯೂ ಇದ್ದ ಹಿತ್ತಾಳೆಯ ಗೂಡುಗಳಿಂದ ಬ್ರಷ್ಷುಗಳನ್ನು ಹೊರತೆಗೆದೆವು. ಒಂದು ಇನ್ನೂ ಅರ್ಧದಷ್ಟಿತ್ತು. ಮತ್ತೊಂದು ಹುಣಿಸೆಯ ಬೀಜಕ್ಕಿಂತಲೂ ಚಿಕ್ಕದಾಗಿ, ಸ್ಪ್ರಿಂಗು ತನ್ನ ಉದ್ದವೆಲ್ಲವನ್ನೂ ಚಾಚಿದರೂ ತಾಮ್ರವನ್ನು ಮುಟ್ಟಲಾರದೆ ಗೂಡಿನಲ್ಲಿಯೇ ಉಳಿದಿತ್ತು. ಗೂಡಿನ ಒಳಗೆ ಇಂಗಾಲದ ಧೂಳಿನೊಡನೆ ಮೆಣಸಿನ ಪುಡಿಯೂ ಸೇರಿ ಗಟ್ಟಿಯಾದ ಒಂದು ಕೆಂಗಪ್ಪು ಮಡ್ಡಿ. ಹುಡುಗಿಯು ಮೂರು ಸಲ ಸೀನಿದಳು.

ತಾಮ್ರದ ಉರುಳೆಯು ಕಪ್ಪಾಗಿದ್ದರೂ ಅದರ ಪಟ್ಟಿಗಳೆಲ್ಲವೂ ಸಮನಾಗಿಯೇ ಕಪ್ಪಾಗಿದ್ದವು. ಇದು ಶುಭಲಕ್ಷಣ. ಅಕ್ಕಪಕ್ಕದ ಎರಡು ಪಟ್ಟಿಗಳು ಮಾತ್ರ ಸುಟ್ಟು ಹಳ್ಳಬಿದ್ದಿದ್ದರೆ, ಅವುಗಳಿಗೆ ಸೇರಿದ ಸುರುಳಿಯು ತುಂಡಾಗಿದೆಯೆಂದು ಸಂಶಯಪಡಬೇಕಾಗುತ್ತಿತ್ತು. ಬಹು ನಯವಾದ ಗಾಜಿನ ಕಾಗದದಿಂದ ಉರುಳೆಯನ್ನು ಮೃದುವಾಗಿ ಉಜ್ಜಿದೆವು. ಎಮೆರಿ ಕಾಗದವನ್ನು ಇಲ್ಲಿ ಉಪಯೋಗಿಸಬಾರದೆಂದು ಹಿಂದಿನಿಂದಲೂ ಹೇಳುತ್ತಾರೆ. ಅದರ ಪುಡಿಯು ಪಟ್ಟಿಗಳ ನಡುವೆ ಕುಳಿತು ವಿದ್ಯುತ್ತಿಗೆ ಕಳ್ಳದಾರಿಯಾದೀತು. ಪಟ್ಟಿಗಳ ನಡುವಣ ಸಂದುಗಳನ್ನು ತೆಂಗಿನ ಪೊರಕೆಯ ಕಡ್ಡಿಯನ್ನು ಚೂಪುಮಾಡಿ ಒಂದೊಂದಾಗಿ ಕೆರೆದು ಶುದ್ಧಿಮಾಡಿದ್ದು ಹುಡುಗಿಯೇ. ಎಳೆಯ ಕಣ್ಣುಗಳಿಗೆ ಅದು ಸುಲಭ. ನನ್ನ ಕನ್ನಡಕಕ್ಕೆ ಅಲ್ಲ.

ಸವೆದ ಬ್ರಷ್ಷೊಂದನ್ನು ಮಾದರಿಯಾಗಿ ಕಳುಹಿಸಿ, ಅದೇ ಅಗಲ ಅದೇ ದಪ್ಪದ ಹೊಸ ಜೊತೆಯನ್ನು ವಿದ್ಯುತ್ ಸಾಮಾನಿನ ಅಂಗಡಿಯಿಂದ ತರಿಸಿದೆವು. ಬೆಲೆಯು ನೂರು ರೂಪಾಯಿಗೂ ಕಡಮೆ. ಒಂದು ಸರಿಯಾಗಿದ್ದರೂ ಎರಡನ್ನೂ ಬದಲಿಸತಕ್ಕದ್ದು. ಹಳೆಯದೊಂದು ಹೊಸದೊಂದು ಎಂದರೆ ಒತ್ತಡವು ಸಮನಾಗದು. ಬ್ರಷ್ಷು ಗೂಡಿನಲ್ಲಿ ತಡೆಯಿಲ್ಲದೆ ಜಾರಬೇಕು, ಆದರೆ ಅಲುಗಾಡಬಾರದು. ತಳದ ಬುಷ್ಷಿಗೆ ಹೊಲಿಗೆಯ ಯಂತ್ರದ ಎಣ್ಣೆಯನ್ನು ಒಂದೇ ತೊಟ್ಟು ಬಿಟ್ಟೆವು. ಎರಡನೆಯ ತೊಟ್ಟು ಉರುಳೆಯ ಮೇಲೆ ಹರಿದು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ.

ಜೋಡಿಸಿದ ಕೂಡಲೆ ನೇರವಾಗಿ ವಿದ್ಯುತ್ತನ್ನು ಕೊಡುವುದು ವಿವೇಕವಲ್ಲ. ನಾನು ತರಗತಿಯ ಪ್ರಯೋಗಗಳಿಗೆಂದು ಒಂದು ಹಲಗೆಯ ಮೇಲೆ 200 ವಾಟಿನ ಹಳೆಯ ಕಾಲದ ಬಲ್ಬನ್ನು ಕೂಡಿಸಿಟ್ಟುಕೊಂಡಿದ್ದೇನೆ; ದುರಸ್ತಿಯಾದ ಯಂತ್ರಕ್ಕೆ ಹೋಗುವ ವಿದ್ಯುತ್ತು ಮೊದಲು ಆ ಬಲ್ಬನ್ನು ಹಾದು ಹೋಗಬೇಕು. ಒಳಗೆ ತಂತಿಗಳು ಅಡ್ಡಕೂಡಿದ್ದರೆ ಬಲ್ಬು ಪೂರ್ಣಕಾಂತಿಯಿಂದ ಉರಿಯುತ್ತದೆ, ಅಷ್ಟೆ. ಮನೆಯ ಫ್ಯೂಸಿಗೆ ಹಾನಿಯಿಲ್ಲ. ದಾರಿಯು ಎಲ್ಲಿಯಾದರೂ ತುಂಡಾಗಿದ್ದರೆ ಬಲ್ಬು ಉರಿಯುವುದೇ ಇಲ್ಲ. ಅಂದು ಗುಂಡಿಯನ್ನು ತಿರುಗಿಸುತ್ತಲೇ ಬಲ್ಬು ಭಗ್ಗನೆ ಹೊತ್ತಿತು. ಜಾಡಿಯಿಲ್ಲದ ಮೋಟಾರು ನಿದ್ದೆಯಿಂದ ಏಳುವಂತೆ ಮೆಲ್ಲಗೆ ಕದಲಿತು. ಅದರ ವೇಗವು ಏರಿದಂತೆಲ್ಲಾ ಬಲ್ಬಿನ ಕಾಂತಿಯು ಕುಗ್ಗಿತು. “ಏಕೆ ಮಂಕಾಯಿತು, ಟೀಚರ್?” ಎಂದು ಹುಡುಗಿಯು ಕೇಳಿದಳು.

ಪಾಠಪುಸ್ತಕದ ಒಂದು ಅಧ್ಯಾಯವನ್ನು ಒಂದೇ ಪ್ರಶ್ನೆಯಲ್ಲಿ ಕೇಳುವ ಮಕ್ಕಳು ವಿರಳ. ತಿರುಗುವ ಮೋಟಾರು ತಾನೂ ಸ್ವಲ್ಪ ವಿದ್ಯುತ್ತನ್ನು ಉತ್ಪತ್ತಿಮಾಡಿ ಬರುತ್ತಿರುವ ವಿದ್ಯುತ್ತಿಗೆ ಎದುರಾಗಿ ನಿಲ್ಲುತ್ತದೆ. ವೇಗವು ಹೆಚ್ಚಿದಷ್ಟೂ ಎದುರುನಿಲ್ಲುವ ಬಲವೂ ಹೆಚ್ಚು. ಎಳೆಯುವ ವಿದ್ಯುತ್ತು ಕಡಮೆ. ಜಾಡಿಯಲ್ಲಿ ಅರಿಶಿನದ ಕೊಂಬು ಸಿಕ್ಕಿಕೊಂಡು ಮೋಟಾರು ತಿರುಗಲಾರದೆ ಗುಂಯ್‌ಗುಟ್ಟುತ್ತಿರುವಾಗ ಈ ಎದುರುಬಲವೇ ಇರುವುದಿಲ್ಲ. ಆಗ ಅಂಕೆಯಿಲ್ಲದ ವಿದ್ಯುತ್ತು ನುಗ್ಗಿ ಸುರುಳಿಗಳನ್ನು ಬೇಯಿಸುತ್ತದೆ. ಆ ಸಮಯದಲ್ಲಿ ಗುಂಡಿಯನ್ನು ಇನ್ನೂ ಮೇಲಕ್ಕೆ ತಿರುಗಿಸುವವರನ್ನು ನಾನು ಬಲ್ಲೆ. 5 ನಿಮಿಷ ಓಡಿಸಿ 2 ನಿಮಿಷ ಬಿಡಬೇಕೆಂದು ಅನೇಕ ಮಿಕ್ಸಿಗಳ ಜೊತೆಗೆ ಬರುವ ಪುಸ್ತಿಕೆಗಳಲ್ಲಿ ಬರೆದಿರುವುದೂ ಈ ಬಿಸಿಯ ಕಾರಣದಿಂದಲೇ. ಆದರೆ ಆ ಪುಸ್ತಿಕೆಯನ್ನು ಓದುವವರುಂಟೆ?

ಬಲ್ಬನ್ನು ತೆಗೆದು ನೇರವಾಗಿ ಓಡಿಸಿದಾಗ ಮೊದಲು ಕೆಲವು ಕಿಡಿಗಳು ಹಾರಿದವು. ಹೊಸ ಬ್ರಷ್ಷಿನ ತುದಿಯು ಉರುಳೆಯ ಬಾಗಿಗೆ ಸರಿಯಾಗಿ ಸವೆದು ಕೂರುವ ತನಕ ಅದು ಸಹಜ. ಜಾಡಿಯಿಲ್ಲದೆ ಸ್ವಲ್ಪ ಸ್ವಲ್ಪವಾಗಿ ನಾಲ್ಕಾರು ಸಲ ಓಡಿಸಿದ ಮೇಲೆ ಅವು ಅಡಗಿದವು. ನನ್ನ ಬಾಲ್ಯದ ಮನೆಯಲ್ಲಿ ನೆರೆಯವರು ಮಿಕ್ಸಿಯನ್ನು ಹಾಕಿದೊಡನೆ ನಮ್ಮ ರೇಡಿಯೋ ಕರಕರನೆ ಕಿರುಚುತ್ತಿತ್ತು. ಈ ಕಿಡಿಗಳು ಹೊರಡಿಸುವ ಅಲೆಗಳೇ ಅದಕ್ಕೆ ಕಾರಣವೆಂಬುದು ನನಗೆ ಬಹಳ ಕಾಲದ ಮೇಲೆ ತಿಳಿಯಿತು. ಆ ತಾಯಿಯು ಮೋಟಾರಿನ ಸ್ವರವನ್ನು ಸ್ವಲ್ಪ ಹೊತ್ತು ತಲೆವಾಲಿಸಿ ಕೇಳಿ, “ಈಗ ಸರಿಯಾಗಿದೆ, ಮೊದಲು ಹೀಗೆಯೇ ಇತ್ತು” ಎಂದಳು. ಆ ನವರಾತ್ರಿಯ ಪುಡಿಗಳು ಹೇಳಿದ ದಿನಕ್ಕೆ ಹೇಳಿದ ಮನೆಗಳನ್ನು ಸೇರಿದವು.

ಎಲ್ಲಾ ಮೋಟಾರುಗಳೂ ಹೀಗೆ ಏಳುವುದಿಲ್ಲವೆಂಬುದನ್ನೂ ಹೇಳಬೇಕು. ವಾರ್ನಿಷು ಸುಟ್ಟ ವಾಸನೆ, ಉರುಳೆಯ ಸುತ್ತ ಬಳೆಯಂತೆ ಕಾಣುವ ಬೆಂಕಿ, ಬಣ್ಣ ಕಪ್ಪಾದ ಸುರುಳಿ — ಇವು ಕಂಡಲ್ಲಿ ಆರ್ಮೇಚರನ್ನೇ ಬದಲಿಸಬೇಕು, ಇಲ್ಲವೆ ತಂತಿಯನ್ನು ಹೊಸದಾಗಿ ಸುತ್ತಿಸಬೇಕು. ಅದು ಬಲ್ಲವರ ಕೆಲಸ, ಮತ್ತು ಖರ್ಚನ್ನು ಹೊಸ ಯಂತ್ರದ ಬೆಲೆಯೊಡನೆ ತೂಗಿ ನೋಡತಕ್ಕ ಕೆಲಸ. ಯಂತ್ರದ ಲೋಹದ ಭಾಗವನ್ನು ಮುಟ್ಟಿದಾಗ ಜುಮ್ಮೆಂದರೆ ಅದನ್ನು ಆ ಕ್ಷಣವೇ ಬಿಟ್ಟುಬಿಡಬೇಕು. ಮೂರು ಮೊಳೆಯ ಪ್ಲಗ್ಗಿನ ದೊಡ್ಡ ಮೊಳೆಯನ್ನು ಮುರಿದು ಎರಡು ತೂತಿನ ಕಡೆ ಸೇರಿಸುವ ದುರಭ್ಯಾಸವು ನಮ್ಮಲ್ಲಿ ಇನ್ನೂ ಹೋಗಿಲ್ಲ. ಆ ಮೂರನೆಯ ಮೊಳೆಯು ಭೂಮಿಗೆ ಕೂಡಿಸಿದ ಕಾವಲುಗಾರನು. ಇನ್ನು ಕಪ್ಲರು ಸವೆದಿದ್ದರೆ ಮೋಟಾರು ತಿರುಗಿದರೂ ಜಾಡಿಯ ಅಲಗು ತಿರುಗುವುದಿಲ್ಲ. ಅದನ್ನು ಬಿಚ್ಚುವಾಗ ಬಲವನ್ನು ಉಪಯೋಗಿಸುವವರೇ ಹೆಚ್ಚು. ಮೋಟಾರು ತಿರುಗುವ ದಿಕ್ಕಿನಲ್ಲಿಯೇ ತಿರುಗಿಸಿದರೆ ಅದು ಕಳಚುತ್ತದೆ, ಏಕೆಂದರೆ ಓಡುವಾಗ ತಾನಾಗಿ ಬಿಗಿಯಾಗುವಂತೆ ಅದರ ಸುತ್ತುಗಳನ್ನು ಕಡೆದಿರುತ್ತಾರೆ. ಸೀಲಿಂಗ್ ಫ್ಯಾನಿನಲ್ಲಿ ಬ್ರಷ್ಷಿಲ್ಲವೆಂದೆನಷ್ಟೆ, ಅದು ಗುಂಯ್‌ಗುಟ್ಟಿ ತಿರುಗದಿದ್ದರೆ ಅನೇಕ ವೇಳೆ ದೋಷವು ಅದರ ಕಂಡೆನ್ಸರಿನದು, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಎಂದು ಅದರ ಮೇಲೆ ಬರೆದಿರುತ್ತದೆ, ಬೆಲೆಯೂ ಅಲ್ಪ. ಹೊಲಿಗೆಯ ಯಂತ್ರಕ್ಕೆ ಜೋಡಿಸುವ ಪುಟ್ಟ ಮೋಟಾರು ಮಾತ್ರ ಮಿಕ್ಸಿಯ ತಂಗಿಯೇ. ಅದರ ಎರಡು ಪಕ್ಕಗಳಲ್ಲಿರುವ ಕಪ್ಪು ಮುಚ್ಚಳಗಳನ್ನು ತಿರುಗಿಸಿದರೆ ಬ್ರಷ್ಷುಗಳು ತಾವಾಗಿ ಹೊರಬರುತ್ತವೆ.

ಆ ಹುಡುಗಿಯು ಈಗ ಹನ್ನೊಂದನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಮನೆಯಲ್ಲಿ ಬರಿದಾದ ಇಂಗಿನ ಡಬ್ಬಿಯೊಂದರಲ್ಲಿ ಒಂದು ಜೊತೆ ಬ್ರಷ್ಷನ್ನು ಮುಂಗಡವಾಗಿ ತಂದಿಟ್ಟಿದ್ದಾಳೆ. ಕಳೆದ ತಿಂಗಳು ಆಕೆಯ ತಾಯಿಯ ಮನೆಗೆ ಹುಳಿಪುಡಿಗಾಗಿ ಹೋಗಿದ್ದಾಗ, ಮಿಕ್ಸಿಯ ಪಕ್ಕದಲ್ಲಿ ನೋಟುಪುಸ್ತಕದ ಒಂದು ಚೂರು ಕಾಗದವನ್ನು ಅಂಟಿಸಿದ್ದನ್ನು ಕಂಡೆನು. ಬಿಚ್ಚಿ ನೋಡಿದ ತಾರೀಖಿನ ಕೆಳಗೆ ದುಂಡಾದ ಅಕ್ಷರಗಳಲ್ಲಿ ಬರೆದಿತ್ತು: “ಎಡಗಡೆ 11 ಮಿಲಿಮೀಟರು, ಬಲಗಡೆ 10. ಇನ್ನೂ ನಡೆಯುತ್ತದೆ.”